ಬಿಳಿ ಹಾಳೆ, ಮೂರು ಪೆನ್ನು: ಮೆದುಳಿನಿಂದ ಬೆರಳ ತುದಿಗೆ ಇಳಿಯುವ ದಾರಿ ಕಲಿಯುವುದು ಹೀಗೆ

ಫಿಸಿಯೋಥೆರಪಿ ಇರಲಿ, ನರ್ಸಿಂಗ್ ಇರಲಿ, ಎಂಬಿಬಿಎಸ್ ಇರಲಿ, ಮೊದಲ ವರ್ಷದಲ್ಲಿ ‘ಡಿಸೆಂಡಿಂಗ್ ಟ್ರ್ಯಾಕ್ಟ್ಸ್’ (ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರದ ದಾರಿಗಳು) ಅನ್ನೋ ಪಾಠ ಬಂದ ದಿನ ಅರ್ಧ ಕ್ಲಾಸು ಪೆನ್ನು ಕೆಳಗಿಡುತ್ತದೆ. ನಾನೂ ಇಟ್ಟಿದ್ದೆ. ನಮಗೆ ಪಾಠ ಮಾಡಿದವರು ಬೋರ್ಡ್ ತುಂಬ ಹೆಸರು ಬರೆದು, ಯಾವುದು ಎಲ್ಲಿ ಹುಟ್ಟುತ್ತೆ, ಎಲ್ಲಿ ಮುಗಿಯುತ್ತೆ ಅಂತ ಒಂದು ಟೇಬಲ್ ಹಾಕಿ ಹೊರಟುಹೋದರು. ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ್ದ ನಾನು ಆ ಟೇಬಲ್ ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಬರೆದೆ, ಮರೆತೆ. ಅದು ನಿಜವಾಗಿ ಅರ್ಥವಾಗಿದ್ದು ಲಕ್ವಾ ಹೊಡೆದ ಪೇಷಂಟ್ ಪಕ್ಕ ನಿಂತಾಗಲೇ.

ಈಗ ಬಾಗಲಕೋಟೆ ನವನಗರದಲ್ಲಿ ಅಂಥ ಪೇಷಂಟ್ ಜೊತೆಯೇ ನನ್ನ ಕೆಲಸ. ಮುಧೋಳ, ಜಮಖಂಡಿ, ಇಂಡಿ, ಅಥಣಿ ಕಡೆಯ ಹುಡುಗ ಹುಡುಗಿಯರು ಸಂಜೆ ಮನೆಗೆ ಬಂದು ಇದೇ ಪಾಠ ಕೇಳುತ್ತಾರೆ. ಅವರಿಗೆ ಹೇಳಿಕೊಡೋ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬಾಯಿಪಾಠ ಮಾಡಬೇಡಿ, ದಾರಿ ಬರೆಯಿರಿ. ದಾರಿ ಎಲ್ಲಿ ಅಡ್ಡ ದಾಟುತ್ತದೆ ಅಂತ ಗೊತ್ತಿದ್ದರೆ, ಪೇಷಂಟ್ ದೇಹ ನೋಡಿ ಪೆಟ್ಟು ಎಲ್ಲಿ ಬಿದ್ದಿದೆ ಅಂತ ನೀವೇ ಹೇಳಬಹುದು.

ಮೊದಲು ಹಾಳೆ ತಯಾರು ಮಾಡಿಕೊಳ್ಳಿ

ಒಂದು ದೊಡ್ಡ ಬಿಳಿ ಹಾಳೆ. ಕೆಂಪು ಪೆನ್ನು, ನೀಲಿ ಪೆನ್ನು, ಹಸಿರು ಪೆನ್ನು. ಹಾಳೆಯ ನಡುವೆ ಮೇಲಿಂದ ಕೆಳಗೆ ಚುಕ್ಕೆ ಚುಕ್ಕೆಯ ಗೆರೆ ಎಳೆಯಿರಿ. ಅದು ದೇಹದ ನಡುಗೆರೆ. ಇನ್ನು ಅಡ್ಡಕ್ಕೆ ಮೇಲಿಂದ ಹೆಸರು ಬರೆಯುತ್ತಾ ಬನ್ನಿ: ಕಾರ್ಟೆಕ್ಸ್ (ಮೆದುಳಿನ ಹೊರಪದರ), ಇಂಟರ್ನಲ್ ಕ್ಯಾಪ್ಸೂಲ್, ಮಿಡ್‌ಬ್ರೇನ್, ಪಾನ್ಸ್, ಮೆಡುಲ್ಲಾ (ಈ ಮೂರೂ ಸೇರಿ ಮೆದುಳಿನ ಕಾಂಡ), ಬೆನ್ನುಹುರಿಯ ಕುತ್ತಿಗೆ ಭಾಗ, ಎದೆ ಭಾಗ, ಸೊಂಟದ ಭಾಗ. ಪ್ರಿಂಟ್ ಆದ ಚಿತ್ರದ ಮೇಲೆ ಬಣ್ಣ ಹಚ್ಚಿದರೆ ಸಾಲದು. ಖಾಲಿ ಹಾಳೆಯೇ ಬೇಕು, ಪ್ರತಿ ಸಲ ಹೊಸದು.

ಟ್ರ್ಯಾಕ್ಟ್ ಹೆಸರಿಗೆ ಹೆದರಬೇಡಿ. ಬಸ್ಸಿನ ಬೋರ್ಡ್ ಓದಿದ ಹಾಗೆ ಓದಿ. ‘ವಿಜಯಪುರ – ಬಾಗಲಕೋಟೆ’ ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗುತ್ತೆ ಅಲ್ವಾ? ಕಾರ್ಟಿಕೋ-ಸ್ಪೈನಲ್ ಅಂದರೆ ಕಾರ್ಟೆಕ್ಸಿನಿಂದ ಬೆನ್ನುಹುರಿಗೆ. ರೂಬ್ರೋ-ಸ್ಪೈನಲ್ ಅಂದರೆ ರೆಡ್ ನ್ಯೂಕ್ಲಿಯಸ್‌ನಿಂದ ಬೆನ್ನುಹುರಿಗೆ. ಸ್ಪೈನೋ ಅಂತ ಶುರುವಾದರೆ ಅದು ಮೇಲಕ್ಕೆ ಹೋಗೋ ದಾರಿ, ಇವತ್ತಿನ ಪಾಠಕ್ಕೆ ಸೇರಿದ್ದಲ್ಲ.

ಎರಡೇ ನರಕೋಶ

ಎಷ್ಟೇ ಹೆಸರಿದ್ದರೂ ಕಥೆಯಲ್ಲಿ ಇರುವುದು ಎರಡು ಪಾತ್ರ. ಮೇಲಿನ ನರಕೋಶ, ಅಂದರೆ ಅಪ್ಪರ್ ಮೋಟಾರ್ ನ್ಯೂರಾನ್, ಮೆದುಳಿನಲ್ಲಿ ಹುಟ್ಟಿ ಬೆನ್ನುಹುರಿಯ ಮುಂದಿನ ಕೊಂಬಿನವರೆಗೆ, ಅಂದರೆ ಅದರ ಒಳಗಿನ ಬೂದು ಭಾಗದ ಮುಂದಿನ ತುದಿಯವರೆಗೆ, ಬರುತ್ತದೆ. ಕೆಳಗಿನದು, ಲೋವರ್ ಮೋಟಾರ್ ನ್ಯೂರಾನ್, ಆ ಮುಂದಿನ ಕೊಂಬಿನಲ್ಲಿ ಹುಟ್ಟಿ ನರದ ಒಳಗೆ ಸಾಗಿ ಸ್ನಾಯುವಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಿಡುಗಡೆಯಾಗಿ ಸ್ನಾಯು ಕುಗ್ಗುತ್ತದೆ. ಮೇಲಿನಿಂದ ಎಷ್ಟೇ ದಾರಿಗಳು ಬರಲಿ, ಸ್ನಾಯುವಿಗೆ ಹೋಗುವುದು ಈ ಕೆಳಗಿನದರ ಮೂಲಕವೇ. ಬೇರೆ ದಾರಿ ಇಲ್ಲ.

ಮೇಲಿನ ನರಕೋಶವನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ, ಕೆಳಗಿನದನ್ನು ನೀಲಿಯಲ್ಲಿ. ಇಡೀ ಹಾಳೆಗೆ ಇದೇ ನಿಯಮ. ಹಸಿರನ್ನು ಕೊನೆಗೆ ಬಳಸೋಣ.

ತಲೆಯ ಮೇಲಿಂದ ಶುರು

ನಡುನೆತ್ತಿಯಿಂದ ಕಿವಿಯ ಕಡೆಗೆ ಬೆರಳು ಎಳೆದುಕೊಳ್ಳಿ. ಆ ಬೆರಳಿನ ಕೆಳಗೆ, ಹೆಚ್ಚು ಕಡಿಮೆ, ಮೋಟಾರ್ ಕಾರ್ಟೆಕ್ಸ್ ಇದೆ. ಪುಸ್ತಕದಲ್ಲಿ ಪ್ರೀಸೆಂಟ್ರಲ್ ಜೈರಸ್, ಬ್ರಾಡ್‌ಮನ್ 4ನೇ ಪ್ರದೇಶ ಅಂತ ಓದಿರುತ್ತೀರಿ. 1870ರಲ್ಲಿ ಜರ್ಮನಿಯ ಸಂಶೋಧಕರಾದ ಫ್ರಿಟ್ಷ್ ಮತ್ತು ಹಿಟ್ಜಿಗ್ ನಾಯಿಯ ಮೆದುಳಿನ ಮುಂಭಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಎದುರು ಬದಿಯ ಕಾಲು ಅಲುಗಾಡಿತು. ಬಲಕ್ಕೆ ಕೊಟ್ಟರೆ ಎಡ, ಎಡಕ್ಕೆ ಕೊಟ್ಟರೆ ಬಲ.

ಇಲ್ಲಿ ದೇಹ ತಲೆಕೆಳಗಾಗಿ ಕೂತಿದೆ. ಕಾಲು ನಡುಗೆರೆಯ ಹತ್ತಿರ, ಒಳಮಗ್ಗುಲಿಗೆ. ಅದರ ಕೆಳಗೆ ಸೊಂಟ, ಭುಜ, ಕೈ. ತೀರಾ ಕೆಳಗೆ, ಕಿವಿಯ ಕಡೆಗೆ ಮುಖ, ನಾಲಿಗೆ. ಕೈ ಮತ್ತು ಮುಖಕ್ಕೆ ಸಿಕ್ಕ ಜಾಗ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಳೆಯಲ್ಲೂ ಕೈ ದೊಡ್ಡದಾಗಿ ಬರೆಯಿರಿ, ಬೆನ್ನು ಚಿಕ್ಕದಾಗಿ. ಇಳಕಲ್‌ನಲ್ಲಿ ಸೀರೆ ನೇಯುವವರು ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ, ಎರಡು ಬೆರಳಲ್ಲಿ ಹಿಡಿದು ಗಂಟು ಹಾಕುವುದನ್ನು ನೋಡಿದ್ದೀರಾ? ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಜಾಗ ಬೇಕು.

ರಕ್ತನಾಳವನ್ನೂ ಈಗಲೇ ಗುರುತು ಮಾಡಿ. ಕಾಲಿನ ಜಾಗಕ್ಕೆ ಆಂಟೀರಿಯರ್ ಸೆರೆಬ್ರಲ್ ಆರ್ಟರಿ, ಕೈ ಮತ್ತು ಮುಖದ ಜಾಗಕ್ಕೆ ಮಿಡಲ್ ಸೆರೆಬ್ರಲ್ ಆರ್ಟರಿ. ಕೈಗಿಂತ ಕಾಲೇ ಜಾಸ್ತಿ ಬಿದ್ದಿದ್ದರೆ ಮೊದಲನೆಯದರ ಮೇಲೆ ಅನುಮಾನ, ಮುಖ-ಕೈ ಜಾಸ್ತಿ ಇದ್ದರೆ ಎರಡನೆಯದರ ಮೇಲೆ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಈ ದಾರಿಯ ಎಳೆಗಳೆಲ್ಲ ದೊಡ್ಡ ಬೆಟ್ಜ್ ಕೋಶಗಳಿಂದಲೇ ಬರುತ್ತವೆ ಅಂತ ಬರೆಯುತ್ತಾರೆ. ಬೆಟ್ಜ್ ಕೋಶದಿಂದ ಬರುವುದು ನೂರಕ್ಕೆ ಸುಮಾರು 3 ಮಾತ್ರ. ಉಳಿದದ್ದು ಚಿಕ್ಕ ಕೋಶಗಳಿಂದ, ಅದೂ 4ನೇ ಪ್ರದೇಶ ಅಲ್ಲದೆ ಅದರ ಮುಂದಿನ 6ನೇ ಪ್ರದೇಶದಿಂದ, ಹಿಂದಿನ ಸ್ಪರ್ಶದ ಪ್ರದೇಶದಿಂದಲೂ ಬರುತ್ತದೆ.

ಇಕ್ಕಟ್ಟಿನ ಜಾಗ

ಕಾರ್ಟೆಕ್ಸಿನ ಅಗಲದಿಂದ ಹೊರಟ ಎಳೆಗಳು ಬೀಸಣಿಗೆ ಮಡಚಿದ ಹಾಗೆ ಒಟ್ಟಾಗುತ್ತಾ, ಮೆದುಳಿನ ಆಳದಲ್ಲಿರುವ ಥಾಲಮಸ್ ಮತ್ತು ಲೆಂಟಿಫಾರ್ಮ್ ನ್ಯೂಕ್ಲಿಯಸ್ ನಡುವಿನ ಸಂದಿಗೆ ಇಳಿಯುತ್ತವೆ. ಅದೇ ಇಂಟರ್ನಲ್ ಕ್ಯಾಪ್ಸೂಲ್. ಬನಶಂಕರಿ ಜಾತ್ರೆಯ ರಾತ್ರಿ ಅಷ್ಟು ಜನ ಬಾದಾಮಿ ಕಡೆಯ ಒಂದೇ ರಸ್ತೆಗೆ ಬಂದು ಸೇರಿದಾಗ ಹೇಗಿರುತ್ತೆ ನೆನಪಿಸಿಕೊಳ್ಳಿ. ಬಯಲಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಯಾರಿಗೂ ಗೊತ್ತಾಗಲ್ಲ, ಆ ರಸ್ತೆಯಲ್ಲಿ ನಿಂತರೆ ಎಲ್ಲರೂ ನಿಲ್ಲಬೇಕು.

ಹಾಗಾಗಿಯೇ ಇಲ್ಲಿ ಸಣ್ಣ ಪೆಟ್ಟು ಬಿದ್ದರೂ ಮುಖ, ಕೈ, ಕಾಲು ಮೂರೂ ಒಟ್ಟಿಗೆ, ಹೆಚ್ಚು ಕಡಿಮೆ ಸಮವಾಗಿ ಬೀಳುತ್ತವೆ. ಈ ಜಾಗಕ್ಕೆ ರಕ್ತ ಕೊಡುವುದು ಲೆಂಟಿಕ್ಯುಲೋಸ್ಟ್ರೈಯೇಟ್ ಅನ್ನೋ ಕೂದಲಿನಂಥ ನಾಳಗಳು. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಇವು ಕಟ್ಟುತ್ತವೆ, ಇಲ್ಲವೇ ಒಡೆಯುತ್ತವೆ. ನಮ್ಮ ಕಡೆ ಬಿಪಿ ಮಾತ್ರೆಯನ್ನು ‘ಈಗ ಆರಾಮ ಅದೀನಿ’ ಅಂತ ಅರ್ಧಕ್ಕೆ ಬಿಡುವವರನ್ನು ನೋಡಿದಾಗೆಲ್ಲ ನನಗೆ ಈ ಕೂದಲೆಳೆಯ ನಾಳಗಳೇ ಕಣ್ಣಿಗೆ ಬರುತ್ತವೆ.

ಮಿಡ್‌ಬ್ರೇನ್, ಪಾನ್ಸ್ ಬೇಗ ದಾಟೋಣ

ಮಿಡ್‌ಬ್ರೇನ್‌ನಲ್ಲಿ ಕೆಂಪು ಗೆರೆ ಮುಂಭಾಗದ ಕಂಬದಲ್ಲಿ, ಅಂದರೆ ಕ್ರಸ್ ಸೆರೆಬ್ರೈನಲ್ಲಿ ಇಳಿಯುತ್ತದೆ. ಅದನ್ನು ಐದು ಭಾಗ ಮಾಡಿದರೆ ನಡುವಿನ ಮೂರು ಭಾಗ ಇದರದ್ದು. ಪಕ್ಕದಲ್ಲೇ ಕಣ್ಣಿನ 3ನೇ ನರ ಹೊರಬರುತ್ತದೆ, ಅದನ್ನು ನೀಲಿಯಲ್ಲಿ ಗುರುತು ಮಾಡಿಡಿ, ಕೊನೆಯಲ್ಲಿ ಬೇಕಾಗುತ್ತದೆ. ಪಾನ್ಸ್‌ನಲ್ಲಿ ಅಡ್ಡ ಹೋಗುವ ಎಳೆಗಳ ನಡುವೆ ನಮ್ಮ ಕಟ್ಟು ಬಿಚ್ಚಿಕೊಂಡು ಹಲವು ಸಣ್ಣ ಕಟ್ಟುಗಳಾಗುತ್ತದೆ. ಮೆಡುಲ್ಲಾಕ್ಕೆ ಬಂದಾಗ ಮತ್ತೆ ಒಂದಾಗುತ್ತದೆ.

ದಾಟುವ ಜಾಗ: ಇಲ್ಲಿ ನಿಧಾನ ಮಾಡಿ

ಮೆಡುಲ್ಲಾದ ಮುಂಭಾಗದಲ್ಲಿ ಎರಡು ಉಬ್ಬು ಇವೆ. ಅವೇ ಪಿರಮಿಡ್‌ಗಳು. ಒಂದೊಂದರಲ್ಲಿ ಸುಮಾರು 10 ಲಕ್ಷ ಎಳೆಗಳು. ಮೆಡುಲ್ಲಾ ಮುಗಿದು ಬೆನ್ನುಹುರಿ ಶುರುವಾಗುವ ಕಡೆ, ಇವುಗಳಲ್ಲಿ ನೂರಕ್ಕೆ 80ರಿಂದ 90 ಎಳೆಗಳು ನಡುಗೆರೆ ದಾಟಿ ಆ ಕಡೆಗೆ ಹೋಗುತ್ತವೆ. ಹಾಳೆಯ ಮೇಲೆ ಇಲ್ಲಿ ಒಂದು ದೊಡ್ಡ ಗುಣಾಕಾರ ಚಿಹ್ನೆ ಹಾಕಿ. ಗಟ್ಟಿಯಾಗಿ, ಎರಡು ಸಲ ತಿದ್ದಿ.

ದಾಟಿದ್ದು ಬೆನ್ನುಹುರಿಯ ಪಕ್ಕದ ಕಂಬದಲ್ಲಿ ಇಳಿಯುತ್ತದೆ, ಲ್ಯಾಟರಲ್ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್. ದಾಟದೆ ಉಳಿದದ್ದರಲ್ಲಿ ಹೆಚ್ಚಿನವು ಮುಂದಿನ ಕಂಬದಲ್ಲಿ ಅದೇ ಬದಿಗೆ ಇಳಿದು, ತಮ್ಮ ಊರು ಬಂದಾಗ ಎರಡೂ ಬದಿಗೆ ಎಳೆ ಕೊಡುತ್ತವೆ, ಅದು ಆಂಟೀರಿಯರ್. ಇದು ಕುತ್ತಿಗೆ, ಬೆನ್ನಿನ ಸ್ನಾಯುಗಳಿಗೆ. ಬೆನ್ನಿಗೆ ಎರಡೂ ಕಡೆಯಿಂದ ಮಾತು ಬರುತ್ತದೆ ಅನ್ನುವುದು ನೆನಪಿಡಿ, ಲಕ್ವಾ ಹೊಡೆದವರಲ್ಲಿ ಕೈ ಪೂರ್ತಿ ಬಿದ್ದರೂ ಬೆನ್ನು ಅಷ್ಟು ಬೀಳದೆ ಎಷ್ಟೋ ಜನ ಕೂರುವುದನ್ನು ಬೇಗ ಕಲಿಯುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ.

ಈಗ ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ. ಗುಣಾಕಾರ ಚಿಹ್ನೆಗಿಂತ ಮೇಲೆ ಎಲ್ಲೇ ಕಡಿದರೂ ಎದುರು ಬದಿಯ ಕೈಕಾಲು ಹೋಗುತ್ತದೆ. ಕೆಳಗೆ ಕಡಿದರೆ ಅದೇ ಬದಿಯದು. ಐದಾರು ಕಡೆ ಪೆನ್ನಿನಿಂದ ಕಡಿದು ನೋಡಿ. ಇದೊಂದನ್ನು ಮಾಡಿ ಮುಗಿಸುವ ತನಕ ಮುಂದಕ್ಕೆ ಹೋಗಬೇಡಿ.

ಬೆನ್ನುಹುರಿಯಲ್ಲಿ

ಇಳಿಯುವ ಎಳೆಗಳಲ್ಲಿ ನೂರಕ್ಕೆ ಸುಮಾರು 55 ಕುತ್ತಿಗೆ ಭಾಗದಲ್ಲೇ ಮುಗಿಯುತ್ತವೆ, ಅಂದರೆ ಕೈಗೆ. 20 ಎದೆ ಭಾಗಕ್ಕೆ, 25 ಸೊಂಟ ಮತ್ತು ಕೆಳಗೆ. ಪ್ರತಿ ಊರಿನಲ್ಲಿ ಕೆಂಪು ಗೆರೆ ನಿಂತು ನೀಲಿ ಶುರುವಾಗಬೇಕು. ಹೆಚ್ಚಿನ ಕೆಂಪು ಎಳೆಗಳು ನೀಲಿಯನ್ನು ನೇರ ಮುಟ್ಟುವುದಿಲ್ಲ, ನಡುವೆ ಇನ್ನೊಂದು ಚಿಕ್ಕ ಕೋಶ ಇರುತ್ತದೆ. ಬೆರಳಿನ ಸ್ನಾಯುಗಳಿಗೆ ಮಾತ್ರ ನೇರವಾಗಿ ಮುಟ್ಟುವ ಎಳೆಗಳು ಹೆಚ್ಚು. ತಲೆಯಿಂದ ಹೊರಟ ಮಾತು ಕೈಬೆರಳಿನ ಸ್ನಾಯುವಿಗೆ ತಲುಪಲು ಸುಮಾರು 20 ಮಿಲಿಸೆಕೆಂಡ್ ಸಾಕು, ಅಂದರೆ ಒಂದು ಸೆಕೆಂಡಿನಲ್ಲಿ 50 ಸಲ ಹೋಗಬಹುದು.

ಕೆಲವು ಅಂಕಿ ಮಾತ್ರ ಬಾಯಿಪಾಠ ಬೇಕು, ತಪ್ಪಿಸಿಕೊಳ್ಳೋ ಹಾಗಿಲ್ಲ. ಸಿ ಅಂದರೆ ಬೆನ್ನುಹುರಿಯ ಕುತ್ತಿಗೆ ಭಾಗ, ಟಿ ಎದೆ, ಎಲ್ ಸೊಂಟ, ಎಸ್ ಅದರ ಕೆಳಗಿನದು. ಮೊಣಕೈ ಮಡಚುವುದು ಸಿ5-6, ಚಾಚುವುದು ಸಿ7, ಬೆರಳು ಅಗಲಿಸುವುದು ಟಿ1, ಮೊಣಕಾಲು ಚಾಚುವುದು ಎಲ್3-4, ಕಾಲಿನ ಹೆಬ್ಬೆರಳು ಎತ್ತುವುದು ಎಲ್5, ತುದಿಗಾಲಲ್ಲಿ ನಿಲ್ಲುವುದು ಎಸ್1.

ಇನ್ನೊಂದು ಮಾತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ 1ನೇ-2ನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ನರಗಳ ಗೊಂಚಲು. ಹುಣಸೆ ಮರದಿಂದ ಬಿದ್ದು ಸೊಂಟದ 4ನೇ ಮೂಳೆ ಮುರಿದವರಿಗೆ ಪೆಟ್ಟು ಬೀಳುವುದು ನೀಲಿ ಗೆರೆಗೆ, ಕೆಂಪಿಗಲ್ಲ. ಎದೆಯ 10ನೇ ಮೂಳೆ ಮುರಿದವರಿಗೆ ಕೆಂಪಿಗೆ. ಎರಡೂ ‘ಬೆನ್ನು ಮುರಿದದ್ದೇ’, ಆದರೆ ಕಾಲು ನೋಡಿದರೆ ಬೇರೆ ಬೇರೆ.

ಮುಖದ ದಾರಿ, ಮತ್ತು ನಮ್ಮ ಕಾಕಾ

ಮುಖ, ನಾಲಿಗೆ, ಗಂಟಲಿಗೆ ಹೋಗುವ ಕೆಂಪು ಎಳೆಗಳು ಬೆನ್ನುಹುರಿಗೆ ಬರುವ ಮೊದಲೇ ಇಳಿದುಬಿಡುತ್ತವೆ. ಅದು ಕಾರ್ಟಿಕೋಬಲ್ಬಾರ್. ಇವುಗಳಲ್ಲಿ ಹೆಚ್ಚಿನವು ಎರಡೂ ಬದಿಗೆ ಹೋಗುತ್ತವೆ, ಹಾಗಾಗಿ ಒಂದು ಬದಿ ಕಡಿದರೂ ಕೆಲಸ ನಡೆಯುತ್ತದೆ. ಮುಖದ ಕೆಳಭಾಗ ಮಾತ್ರ ಎದುರು ಬದಿಯನ್ನೇ ನಂಬಿಕೊಂಡಿದೆ. ಹಣೆಗೆ ಎರಡೂ ಕಡೆಯಿಂದ ಬರುತ್ತದೆ.

ಪೇಷಂಟ್‌ಗೆ ಹುಬ್ಬು ಎತ್ತಲು ಹೇಳಿ. ಹಣೆಯಲ್ಲಿ ಎರಡೂ ಬದಿ ಸುಕ್ಕು ಬಂತು, ಆದರೆ ಹಲ್ಲು ತೋರಿಸುವಾಗ ಬಾಯಿ ಒಂದು ಕಡೆ ಎಳೆಯಿತು ಅಂದರೆ ಪೆಟ್ಟು ಕೆಂಪು ಗೆರೆಯಲ್ಲಿ, ಅಂದರೆ ಮೆದುಳಿನಲ್ಲಿ. ಹಣೆಯೂ ಸಪಾಟು, ಕಣ್ಣೂ ಮುಚ್ಚುತ್ತಿಲ್ಲ ಅಂದರೆ ಹೆಚ್ಚಾಗಿ ಮುಖದ 7ನೇ ನರದ್ದೇ ತೊಂದರೆ, ಬೆಲ್ಸ್ ಪಾಲ್ಸಿಯಂಥದ್ದು. ಇನ್ನೊಂದು ನೀವೇ ಗಮನಿಸಿ: ಮೆದುಳಿನ ಪೆಟ್ಟಿನಲ್ಲಿ ‘ಹಲ್ಲು ತೋರಿಸಿ’ ಅಂದಾಗ ಎತ್ತದ ಬಾಯಿಯ ತುದಿ, ಮೊಮ್ಮಗು ಓಡಿಬಂದಾಗ ತಾನೇ ನಕ್ಕು ಮೇಲೇಳಬಹುದು. ಬೇಕೆಂದು ನಗುವ ದಾರಿ ಬೇರೆ, ಮನಸ್ಸು ತುಂಬಿ ನಗುವ ದಾರಿ ಬೇರೆ.

ಆದರೆ ಇದು ಕಲಿಯುವವರಿಗೆ. ಮನೆಯಲ್ಲಿ ಕೂತು ಹಣೆ ನೋಡಿ ‘ಇದು ಲಕ್ವಾ ಅಲ್ಲ’ ಅಂತ ತೀರ್ಮಾನ ಮಾಡಲು ಅಲ್ಲ. ನಮ್ಮ ಕಾಕಾ ಒಂದು ಬೆಳಿಗ್ಗೆ ಎಮ್ಮೆ ಹಿಂಡಲು ಕೂತಾಗ ಬಲಗೈ ಹಿಡಿತ ಹೋಯಿತು. “ಏನಿಲ್ಲ ಬಿಡ, ಕೈ ಮ್ಯಾಲೆ ಮಲಗಿದ್ದೆ, ಜೋಮು ಹಿಡದೈತಿ” ಅಂದರು. ಮನೆಯವರೂ ಎಣ್ಣೆ ತಿಕ್ಕಿದರು, ಚಹಾ ಕುಡಿಸಲು ನೋಡಿದರು. ಚಹಾ ಬಾಯಿಯ ಒಂದು ಕಡೆಯಿಂದ ಸೋರಿತು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಕೈ ಮೇಲೆ ಮಲಗಿದರೆ ಕೈ ಜೋಮು ಹಿಡಿಯಬಹುದು, ಬಾಯಿ ಸೋರುವುದು ಹೇಗೆ? ಕೈ ಮತ್ತು ಮುಖ ಒಟ್ಟಿಗೆ ಬಿದ್ದರೆ ಪೆಟ್ಟು ಅವೆರಡೂ ಒಟ್ಟಿಗೆ ಸಾಗುವ ಜಾಗದಲ್ಲೇ, ಅಂದರೆ ತಲೆಯಲ್ಲೇ. ಆ ದಿನ ಮನೆಯಲ್ಲಿ ಒಬ್ಬರಿಗಾದರೂ ಇಷ್ಟು ಗೊತ್ತಿದ್ದರೆ ಅಂತ ಈಗಲೂ ಅನಿಸುತ್ತದೆ.

ಹಾಗಾಗಿ ಇದನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ: ಬಾಯಿ ಸೊಟ್ಟಗಾದರೆ, ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ ತಕ್ಷಣ 108. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ. ಬಾಯಿಗೆ ನೀರು, ಮಾತ್ರೆ, ಏನೂ ಹಾಕಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ, ಅದರೊಳಗೇ ಸಿಟಿ ಸ್ಕ್ಯಾನ್ ಕೂಡ ಆಗಬೇಕು. ಹಳ್ಳಿಯಿಂದ ಊರಿಗೆ ಬರೋ ದಾರಿಯೂ ಅದರಲ್ಲೇ ಸೇರಿದೆ.

ಈಗ ಹಸಿರು ಪೆನ್ನು: ಹಳೆಯ ದಾರಿಗಳು

ಮೊದಲ ಮಳೆಗೆ ಎರೆಹೊಲದಲ್ಲಿ ಕಾಲಿಟ್ಟಿದ್ದೀರಾ? ಕಾಲು ಜಾರುತ್ತದೆ, ನೀವು ಯೋಚನೆ ಮಾಡುವ ಮೊದಲೇ ಕಾಲು ಬಿಗಿಯುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಇದಕ್ಕೆ ಕಾರ್ಟೆಕ್ಸ್ ಅಪ್ಪಣೆ ಕಾಯುವಷ್ಟು ಪುರುಸೊತ್ತಿಲ್ಲ. ಒಳಗಿವಿಯಿಂದ ಸುದ್ದಿ ಪಡೆದ ವೆಸ್ಟಿಬ್ಯುಲರ್ ನ್ಯೂಕ್ಲಿಯಸ್‌ನಿಂದ ಇಳಿಯುವ ವೆಸ್ಟಿಬ್ಯುಲೋಸ್ಪೈನಲ್ ದಾರಿ ಅದನ್ನು ಮಾಡುತ್ತದೆ. ಅದರಲ್ಲಿ ಲ್ಯಾಟರಲ್ ಅನ್ನುವುದು ದಾಟದೆ ಅದೇ ಬದಿಗೆ ಇಳಿದು ದೇಹವನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ.

ಮೆದುಳಿನ ಕಾಂಡದ ನರಕೋಶಗಳ ಜಾಲದಿಂದ ಇಳಿಯುವ ರೆಟಿಕ್ಯುಲೋಸ್ಪೈನಲ್ ಎರಡು. ಪಾನ್ಸ್‌ನಿಂದ ಬರುವುದು ಈ ಸ್ನಾಯುಗಳನ್ನು ಬಿಗಿ ಮಾಡುತ್ತದೆ, ಮೆಡುಲ್ಲಾದಿಂದ ಬರುವುದು ಸಡಿಲ ಮಾಡುತ್ತದೆ. ರೊಟ್ಟಿ ಬಡಿಯುವ ಅವ್ವನನ್ನು ಪಕ್ಕದಿಂದ ನೋಡಿ. ಹಿಟ್ಟಿನ ಅಂಚನ್ನು ತಿರುಗಿಸುವ ಬೆರಳು ಕಾರ್ಟಿಕೋಸ್ಪೈನಲ್ ಕೆಲಸ. ಅಂಗೈ ಬಡಿದಾಗಲೆಲ್ಲ ಅಲುಗದೆ ಕೂತಿರುವ ಬೆನ್ನು ಹೆಚ್ಚಾಗಿ ಈ ಹಳೆಯ ದಾರಿಗಳ ಕೆಲಸ. ನಿಂತುಕೊಂಡು ಕೈಯನ್ನು ಥಟ್ಟನೆ ಮುಂದಕ್ಕೆ ಎತ್ತಿದರೆ, ಕೈ ಎತ್ತುವ ಸ್ನಾಯುವಿಗಿಂತ ಮೊದಲೇ ತೊಡೆಯ ಹಿಂಭಾಗದ ಸ್ನಾಯು ಬಿಗಿಯುತ್ತದೆ. ನೀವೇ ಮಾಡಿ ನೋಡಬಹುದು.

ಉಳಿದ ಎರಡು ಚಿಕ್ಕವು. ಟೆಕ್ಟೋಸ್ಪೈನಲ್ ಮಿಡ್‌ಬ್ರೇನ್‌ನಲ್ಲೇ ದಾಟಿ, ಬೆಳಕು ಅಥವಾ ಸದ್ದು ಬಂದ ಕಡೆಗೆ ಕುತ್ತಿಗೆ ತಿರುಗಿಸುತ್ತದೆ. ರೂಬ್ರೋಸ್ಪೈನಲ್ ಕೂಡ ಅಲ್ಲೇ ದಾಟಿ ಕೈ ಮಡಚುವ ಸ್ನಾಯುಗಳಿಗೆ ಹೋಗುತ್ತದೆ, ಮನುಷ್ಯರಲ್ಲಿ ತುಂಬಾ ಚಿಕ್ಕದು. ಸೆರೆಬೆಲ್ಲಂ (ಹಿಂದಲೆಯ ಚಿಕ್ಕ ಮೆದುಳು) ಮತ್ತು ಬೇಸಲ್ ಗ್ಯಾಂಗ್ಲಿಯಾಗೆ (ಮೆದುಳಿನ ಆಳದ ಕೋಶಗಳ ಗುಂಪುಗಳು) ಹಸಿರು ಗೆರೆಯನ್ನು ಬೆನ್ನುಹುರಿಯ ತನಕ ಎಳೆಯಬೇಡಿ. ಅವು ಮೇಲಿನ ದಾರಿಗಳನ್ನು ತಿದ್ದುತ್ತವೆ, ತಾವೇ ದೊಡ್ಡ ದಾರಿ ಮಾಡಿಕೊಂಡು ಕೆಳಗೆ ಇಳಿಯುವುದಿಲ್ಲ.

1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಅನ್ನೋ ಸಂಶೋಧಕರು ಮಂಗಗಳ ಎರಡೂ ಪಿರಮಿಡ್ ಕಡಿದು ನೋಡಿದರು. ಚೇತರಿಸಿಕೊಂಡ ಮೇಲೆ ಮಂಗಗಳು ನಡೆದವು, ಹತ್ತಿದವು. ಆದರೆ ಸಣ್ಣ ಗುಳಿಯಲ್ಲಿಟ್ಟ ತಿಂಡಿಯನ್ನು ಬೆರಳು ಬಿಡಿಸಿ ತೆಗೆಯಲು ಕೊನೆವರೆಗೂ ಆಗಲಿಲ್ಲ. ‘ಕಾಲು ಬಂತು, ಕೈ ಯಾಕ ಬರವಲ್ದು?’ ಅಂತ ಲಕ್ವಾ ಹೊಡೆದವರ ಮನೆಯವರು ನನ್ನನ್ನು ಕೇಳುತ್ತಾರೆ. ಉತ್ತರದ ದೊಡ್ಡ ಪಾಲು ಇಲ್ಲೇ ಇದೆ: ನಿಲ್ಲಲು, ನಡೆಯಲು ಸಹಾಯಕ್ಕೆ ಬೇರೆ ದಾರಿಗಳಿವೆ, ಬೆರಳಿಗೆ ಹೆಚ್ಚು ಕಡಿಮೆ ಒಂದೇ.

ದೇಹವನ್ನು ಓದುವುದು

ನೀಲಿ ಕಡಿದರೆ ಸ್ನಾಯು ಸಡಿಲ, ಬೇಗ ಸೊರಗುತ್ತದೆ, ಒಳಗೆ ಸಣ್ಣಗೆ ಅದುರಬಹುದು, ಸುತ್ತಿಗೆ ತಾಗಿಸಿದರೆ ರಿಫ್ಲೆಕ್ಸ್ ಬರುವುದಿಲ್ಲ. ಪೋಲಿಯೋದಿಂದ ಕಾಲು ಸಣ್ಣಗಾದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಭಾರತ 2014ರಲ್ಲಿ ಪೋಲಿಯೋ ಮುಕ್ತ ಆಯಿತು, ಅವರ ಮುಂದಿನ ಕೊಂಬಿನ ಕೋಶಗಳು ಮಾತ್ರ ಮರಳಿ ಬರಲಿಲ್ಲ. ಅವರ ಕಾಲನ್ನು ಮುಟ್ಟಿ ನೋಡಿ, ಸ್ಪರ್ಶ ಚೆನ್ನಾಗಿಯೇ ಇರುತ್ತದೆ.

ಕೆಂಪು ಕಡಿದರೆ ಬಿಗಿ, ರಿಫ್ಲೆಕ್ಸ್ ಜೋರು, ಪಾದ ಒಮ್ಮೆ ಮೇಲೆ ತಳ್ಳಿ ಹಿಡಿದರೆ ತಟತಟ ಬಡಿದುಕೊಳ್ಳುತ್ತದೆ. ಆದರೆ ಮೊದಲ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಕೆಂಪು ಕಡಿದಾಗಲೂ ಕೈಕಾಲು ಸಡಿಲವಾಗಿಯೇ ಇರುತ್ತದೆ. ಇಲ್ಲಿ ಎಷ್ಟೋ ಹುಡುಗರು ಮೋಸ ಹೋಗುತ್ತಾರೆ. ಮತ್ತು ಈ ಸಡಿಲ ದಿನಗಳಲ್ಲೇ ಮನೆಯವರು ಪೇಷಂಟನ್ನು ಬಿದ್ದ ಕೈ ಹಿಡಿದು ಎಳೆದು ಎಬ್ಬಿಸುತ್ತಾರೆ, ಭುಜದ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ದಯವಿಟ್ಟು ಕೈ ಎಳೆಯಬೇಡಿ, ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿ.

ಬಾಬಿನ್‌ಸ್ಕಿ ಪರೀಕ್ಷೆ ಮಾಡುವುದು ಹೀಗೆ: ಕಾಲು ಚಾಚಿ ಮಲಗಿಸಿ, ಕೀಲಿಕೈಯ ಮೊಂಡು ತುದಿಯಿಂದ ಹಿಮ್ಮಡಿಯ ಹೊರ ಅಂಚಿನಿಂದ ಕಿರುಬೆರಳ ಕಡೆಗೆ, ಅಲ್ಲಿಂದ ಹೆಬ್ಬೆರಳ ಬುಡದ ಕಡೆಗೆ ನಿಧಾನವಾಗಿ ಗೆರೆ ಎಳೆಯಿರಿ. ಹೆಬ್ಬೆರಳು ಕೆಳಗೆ ಬಾಗಿದರೆ ಸರಿ. ಮೇಲೆದ್ದರೆ ಕೆಂಪು ದಾರಿಯಲ್ಲಿ ತೊಂದರೆ. ಬಾಬಿನ್‌ಸ್ಕಿ ಅನ್ನೋ ಫ್ರೆಂಚ್ ವೈದ್ಯರು ಇದನ್ನು 1896ರಲ್ಲಿ ಹೇಳಿದರು, ಒಂದು ಕೀಲಿಕೈ ಇಷ್ಟು ಹೇಳುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಎಳೆ ಕೂಸಿಗೆ ಮೇಲೆದ್ದರೆ ಗಾಬರಿ ಬೇಡ, ಅದರ ಕೆಂಪು ಎಳೆಗಳಿಗೆ ಮಯಲಿನ್ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಹಾಳೆ ನೋಡದೆ ಉತ್ತರ ಹೇಳಿ

ಬಲಗಡೆ ಮುಖದ ಕೆಳಭಾಗ, ಬಲಗೈ, ಬಲಗಾಲು ಸಮವಾಗಿ ಬಿದ್ದಿವೆ. ಎಲ್ಲಿ? ಎಡ ಇಂಟರ್ನಲ್ ಕ್ಯಾಪ್ಸೂಲ್ ಮೊದಲ ಅನುಮಾನ. ಎಡಗಣ್ಣಿನ ರೆಪ್ಪೆ ಜೋತುಬಿದ್ದಿದೆ, ಗುಡ್ಡೆ ಹೊರಕ್ಕೆ ತಿರುಗಿದೆ, ಬಲಗಡೆ ಕೈಕಾಲು ಸೋತಿವೆ. ಎಡ ಮಿಡ್‌ಬ್ರೇನ್, ಆಗ ಗುರುತು ಮಾಡಿದ 3ನೇ ನರದ ಪಕ್ಕ. ಮುಖ ಚೆನ್ನಾಗಿದೆ, ಕೈಗಳು ಚೆನ್ನಾಗಿವೆ, ಎರಡೂ ಕಾಲು ಮರದ ಹಾಗೆ ಬಿಗಿ, ಎರಡೂ ಹೆಬ್ಬೆರಳು ಮೇಲೆ. ಎದೆ ಭಾಗದ ಬೆನ್ನುಹುರಿಯಲ್ಲಿ ಹುಡುಕಿ.

ಕೊನೆಯದು ನಮ್ಮ ಹೊಲದ್ದು. ಉಳ್ಳಾಗಡ್ಡಿ ಕೀಳುವ ಕೆಲಸಕ್ಕೆ ಹೋಗಿ ದಿನವಿಡೀ ಕುಕ್ಕರಗಾಲಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳಿಗೆ ಸಂಜೆ ಎದ್ದು ನಡೆಯುವಾಗ ಬಲಪಾದ ಮೇಲೇಳುತ್ತಿಲ್ಲ, ಚಪ್ಪಲಿ ತುದಿ ನೆಲಕ್ಕೆ ತಾಗುತ್ತಿದೆ. ಮನೆಯವರು ಲಕ್ವಾ ಅಂತ ಅಳುತ್ತಿದ್ದಾರೆ. ಮುಖ ನೋಡಿ, ಸರಿ ಇದೆ. ಕೈ ಹಿಡಿತ ನೋಡಿ, ಸರಿ ಇದೆ. ಮೊಣಕಾಲು, ಹಿಮ್ಮಡಿಯ ರಿಫ್ಲೆಕ್ಸ್ ಎರಡೂ ಬರುತ್ತಿವೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲೇಳುತ್ತಿಲ್ಲ. ತುದಿಗಾಲಲ್ಲಿ ನಿಲ್ಲುತ್ತಾಳೆ, ಹಿಮ್ಮಡಿಯ ಮೇಲೆ ನಿಲ್ಲಲು ಆಗುತ್ತಿಲ್ಲ. ಈಗ ಪೆನ್ನನ್ನು ತಲೆಯಿಂದ ಎತ್ತಿ, ಬೆನ್ನುಹುರಿಯಿಂದಲೂ ಎತ್ತಿ. ನೀಲಿ ಗೆರೆ ಹಿಡಿದು ಕೆಳಗೆ ಬನ್ನಿ, ಮೊಣಕಾಲಿನ ಹೊರಬದಿಗೆ, ಫಿಬ್ಯುಲಾ ಮೂಳೆಯ ಕುತ್ತಿಗೆಯ ಹತ್ತಿರ, ಅಲ್ಲಿ ಚರ್ಮದ ಕೆಳಗೇ ಪಾದ ಎತ್ತುವ ಸ್ನಾಯುಗಳ ಕಾಮನ್ ಪೆರೋನಿಯಲ್ ನರ ಸುತ್ತಿಕೊಂಡು ಹೋಗುತ್ತದೆ. ದಿನವಿಡೀ ಮಡಚಿ ಕೂತು ಅದು ಅಲ್ಲಿ ಒತ್ತಿಹೋಗಿದೆ. ಡಾಕ್ಟರ್ ಹತ್ತಿರ ಖಂಡಿತ ಕರೆದುಕೊಂಡು ಹೋಗಿ, ಆದರೆ ಅಳುತ್ತಿರುವ ಅವಳ ತಾಯಿಗೆ ಇಷ್ಟು ಮಾತ್ರ ಈಗಲೇ ಹೇಳಿ: ಪೆಟ್ಟು ತಲೆಯಲ್ಲಿ ಇದ್ದಂತಿಲ್ಲ, ಮೊಣಕಾಲ ಹತ್ತಿರ ಇದೆ.